ಬೇನೆಗೆ ಹೆಸರಿಟ್ಟವರು ಯಾರು?

ಸಭೆಯ ಅಧ್ಯಕ್ಷತೆ ವಹಿಸಿರುವ ಮಾನ್ಯ ಊನ್ನುರ್ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಹಿಮ ಸರಿಸುವ ಗಾಡಿಯ ಹಿಂದೆ ಸಾಲುಗಟ್ಟಿ ಘಾಟಿ ಇಳಿದು ಬಂದು ಈ ಭವನವನ್ನು ತುಂಬಿಸಿರುವ ನನ್ನ ಸೀಮೆಯ ಸಭಿಕರೇ, ಒಳಗೆ ಪ್ಯಾನ್‌ಕೇಕು ಹುಯ್ಯುತ್ತಾ ಈ ಓರ್ಮುರ್ ತನ್ನ ಭಾಷಣ ಬೇಗ ಮುಗಿಸಲಪ್ಪಾ ದೇವರೇ ಎಂದು ಬೇಡಿಕೊಳ್ಳುತ್ತಿರುವ ಮಹಿಳಾ ಸಂಘದ ಸೋದರಿಯರೇ,

ಇದು ನನ್ನ ಸಹಪಾಠಿ ಸೋಲ್‌ರೂನ್‌ಳ ಸನ್ಮಾನದ ಸಭೆ. ರಾಜಧಾನಿಯ ನಿಘಂಟು ಕಚೇರಿಯಲ್ಲಿ ನಲವತ್ತಮೂರು ವರ್ಷ ಕೂತು, ಈ ದ್ವೀಪದ ಜನ ಆಡುವ ಮಾತನ್ನೆಲ್ಲ ಚೀಟಿ ಚೀಟಿಯಾಗಿ ಬರೆದಿಟ್ಟು, ಈ ವರ್ಷ ಎಪ್ಪತ್ತು ತುಂಬಿ ನಿವೃತ್ತಳಾದವಳ ಸಭೆ. ಅವಳ ಬಗ್ಗೆ ನಾಲ್ಕು ಮಾತಾಡಬೇಕೆಂದು ನನ್ನನ್ನು ಬಹಳ ಆಸೆಯಾಗುತ್ತದೆ. ಹೌದು, ‘ನನ್ನನ್ನು’ ಆಸೆಯಾಗುತ್ತದೆ. ಹಿಂದಿನ ಸಾಲಿನ ಹೈಸ್ಕೂಲು ಮಕ್ಕಳು ನಗುತ್ತಿದ್ದಾರೆ. ನಗಿ, ನಗಿ. ನಿಮ್ಮಲ್ಲಿ ಮುಕ್ಕಾಲು ಪಾಲು ‘ನನಗೆ ಆಸೆ’ ಎನ್ನುವವರೇ. ನಮ್ಮ ದ್ವೀಪದ ಭಾಷೆಯ ವ್ಯಾಕರಣದ ಪ್ರಕಾರ ‘ನನ್ನನ್ನು’ ಎಂದು ದ್ವಿತೀಯಾ ವಿಭಕ್ತಿ ಬರಬೇಕಾದಲ್ಲಿ ಚತುರ್ಥಿಯನ್ನು ತಂದು ಹಾಕುವವರೇ. ಆಸೆಗೆ, ಕನಸಿಗೆ, ಕೊರತೆಗೆ, ಅನುಮಾನಕ್ಕೆ, ಎಲ್ಲಕ್ಕೂ ‘ನನಗೆ, ನನಗೆ’. ಇದಕ್ಕೆ ನಮ್ಮ ದೇಶದಲ್ಲಿ ಒಂದು ಹೆಸರಿದೆ, ನಿಮ್ಮೆಲ್ಲರಿಗೂ ಗೊತ್ತು: ಥೌಗುಫಾಲ್ಸೀಕಿ. ಚತುರ್ಥಿಯ ಬೇನೆ! ಪಂಡಿತರು ಈಗ ಮರ್ಯಾದೆಯಾಗಿ ‘ಚತುರ್ಥಿಯ ಒಲವು’ ಎನ್ನುತ್ತಾರಂತೆ, ಎನ್ನಲಿ. ನಾವು ಬೆಳೆದದ್ದು ಬೇನೆಯ ಕಾಲದಲ್ಲಿ.

ನಾನು ಯಾರೆಂದು ಕಿರಿಯರಿಗೆ ಹೇಳಬೇಕು. ಓರ್ಮುರ್, ದೋಣಿಯ ಎಂಜಿನ್ ನೋಡಿಕೊಳ್ಳುತ್ತಿದ್ದ ಹಾಫ್ಲಿದಿಯ ಮಗ. ರಾಜಧಾನಿಯ ಒಂದು ದಿನಪತ್ರಿಕೆಯಲ್ಲಿ ಮೂವತ್ತಾರು ವರ್ಷ ಕರಡು ತಿದ್ದಿದವನು. ಮೂವತ್ತಾರು ವರ್ಷ ಕೆಂಪು ಪೆನ್ಸಿಲು! ಮಂತ್ರಿಗಳನ್ನು ತಿದ್ದಿದ್ದೇನೆ, ಬಿಷಪ್ಪರನ್ನು ತಿದ್ದಿದ್ದೇನೆ, ಒಮ್ಮೆ ಹವಾಮಾನ ಇಲಾಖೆಯ ಬಿರುಗಾಳಿ ಎಚ್ಚರಿಕೆಯನ್ನು ಎಷ್ಟು ಚೆನ್ನಾಗಿ ತಿದ್ದಿದೆನೆಂದರೆ ಅದು ಅಚ್ಚಾಗುವ ಹೊತ್ತಿಗೆ ಬಿರುಗಾಳಿ ಬಂದು ಹೋಗಿತ್ತು. ಅಂಥವನನ್ನು ಸೋಲ್‌ರೂನ್‌ಳ ಬಗ್ಗೆ ಮಾತಾಡು ಎಂದು ಕರೆದಿದ್ದೀರಿ. ಕರೆದವರಿಗೆ ತಮಾಷೆ ಗೊತ್ತಿದೆ.

ಏಕೆಂದರೆ ನಾವಿಬ್ಬರೂ ಹಾವು ಮುಂಗುಸಿ. ಅವಳು ಜನ ಆಡಿದ್ದನ್ನು ಆಡಿದ ಹಾಗೆ ಬರೆದಿಡುವವಳು, ನಾನು ಆಡಿದ್ದನ್ನು ಆಡಬೇಕಾಗಿದ್ದ ಹಾಗೆ ಮಾಡುವವನು. ಅವಳು ನಡೆಸುತ್ತಿದ್ದ ರೇಡಿಯೋದ ಭಾಷಾ ಕಾರ್ಯಕ್ರಮದಲ್ಲಿ ನಾವು ಜಗಳವಾಡಿದ್ದನ್ನು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ನಾನು, “ಬೇನೆಯನ್ನ ಬೇನೆ ಅನ್ನದೆ ಇನ್ನೇನನ್ನಬೇಕು?” ಎಂದು ಗುಡುಗಿದೆ. ಅವಳು ತಣ್ಣಗೆ, “ಓರ್ಮುರ್, ಬೇನೆ ಅಂದಮೇಲೆ ಅದನ್ನ ಕಂಡುಹಿಡಿದ ಡಾಕ್ಟರು ಒಬ್ಬ ಇರ್ಬೇಕಲ್ಲ? ಆ ಡಾಕ್ಟರು ಯಾರು ಅಂತ ಹುಡುಕ್ತಾ ಇದ್ದೀನಿ. ನಿಂಗೆ ಗೊತ್ತಿದ್ರೆ ಈಗ್ಲೇ ಹೇಳಿಬಿಡು, ನನ್ನ ಶನಿವಾರಗಳು ಉಳೀತವೆ” ಎಂದಳು. ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಸಭಿಕರೇ, ಅವಳು ಹನ್ನೊಂದು ವರ್ಷ ಹುಡುಕಿದಳು. ಕಚೇರಿಯ ಕೆಲಸ ಬೇರೆ, ಇದು ಅವಳ ಸ್ವಂತ ಶನಿವಾರಗಳ ಕೆಲಸ. ಹಳೆಯ ಪತ್ರಿಕೆಗಳ ದಪ್ಪ ದಪ್ಪ ಕಟ್ಟು, ಶಾಲೆಗಳ ಕೈಬರಹದ ವಾರ್ಷಿಕ ಸಂಚಿಕೆ, ಮೇಷ್ಟರುಗಳು ಒಬ್ಬರಿಗೊಬ್ಬರು ಬರೆದ ಕಾಗದ, ಪಾದ್ರಿಗಳ ದಿನಚರಿ. ನಾವೆಲ್ಲ ಶನಿವಾರ ಈಜುಕೊಳದ ಬಿಸಿನೀರಿನಲ್ಲಿ ಕುತ್ತಿಗೆವರೆಗೆ ಕೂತು ಸರ್ಕಾರವನ್ನು ಬೈಯುತ್ತಿರುವಾಗ ಇವಳು ದೂಳಿನಲ್ಲಿ ಕೂತು ಒಂದೇ ಒಂದು ಪದದ ಹೆಜ್ಜೆ ಹಿಡಿದು ಹಿಂದೆ ಹಿಂದೆ ಹೋಗುತ್ತಿದ್ದಳು. ನನಗೆ ಇದು ಹುಚ್ಚಾಗಿ ಕಂಡಿತ್ತು. ಇಂದು ಹೇಳುತ್ತೇನೆ, ಈ ದೇಶದಲ್ಲಿ ಅದಕ್ಕಿಂತ ಮರ್ಯಾದೆಯ ಕೆಲಸವನ್ನು ನಾನು ಕಂಡಿಲ್ಲ.

ಕೊನೆಗೆ ಅವಳಿಗೆ ಸಿಕ್ಕಿದ್ದೇನು? ಮೊದಮೊದಲು ಬರೆದವರು ಅದನ್ನು ‘ತಪ್ಪು’ ಎಂದಿದ್ದಾರೆ. ಆಮೇಲಿನವರು ‘ಕೆಟ್ಟ ಚಾಳಿ’ ಎಂದಿದ್ದಾರೆ. ಆಮೇಲೆ ಒಂದು ಕಡೆ, ಹಿಂದಿಲ್ಲ ಮುಂದಿಲ್ಲ, ‘ಬೇನೆ’. ಬರೆದವನು ವಿವರಣೆ ಕೊಟ್ಟಿಲ್ಲ, ಎಲ್ಲರಿಗೂ ಗೊತ್ತಿರುವ ಹಳೆಯ ನಗೆಹನಿಯೆಂಬಂತೆ ಬರೆದು ಮುಂದೆ ಹೋಗಿದ್ದಾನೆ. ಅಂದರೆ ಆ ಹೊತ್ತಿಗಾಗಲೇ ಅದು ಬಾಯಿಂದ ಬಾಯಿಗೆ ಓಡಾಡುತ್ತಿತ್ತು. ಮೊದಲು ಆಡಿದವರು ಯಾರು? ನಲವತ್ತು ಪುಟದ ಅವಳ ಪ್ರಬಂಧದ ಕೊನೆಯ ಸಾಲು ಒಂದೇ ಪದ: ‘ಸಿಗಲಿಲ್ಲ.’ ನಾನಾಗಿದ್ದರೆ ಹನ್ನೊಂದು ವರ್ಷದ ಶ್ರಮ ದಂಡವಾಗಬಾರದೆಂದು ಯಾರಾದರೊಬ್ಬ ಸತ್ತ ಮೇಷ್ಟರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದೆ. ಅವಳು ‘ಸಿಗಲಿಲ್ಲ’ ಎಂದು ಬರೆದು ಸಹಿ ಹಾಕಿದಳು.

ಆ ಪ್ರಬಂಧದಲ್ಲಿ ಒಂದು ಮಾತು ಬರುತ್ತದೆ. ಇದು ಕುರಿ ಸಾಕಿ ಬದುಕಿದ ನಾಡು, ಬೇನೆ ಬಂದ ಕುರಿಯನ್ನು ಏನು ಮಾಡುತ್ತಾರೆಂದು ಇಲ್ಲಿನ ಮಗುವಿಗೂ ಗೊತ್ತು, ಅಂಥ ನಾಡಿನಲ್ಲಿ ಒಬ್ಬರ ಮಾತಿಗೆ ಬೇನೆ ಎಂದು ಹೆಸರಿಡುವಾಗ ಅದು ಕೇಳುವವರ ಕಿವಿಗೆ ಹೇಗಿರುತ್ತದೆಂದು ಹೆಸರಿಟ್ಟವರು ಯೋಚಿಸಿದಂತಿಲ್ಲ, ಎಂದು. ನನ್ನ ಅಮ್ಮ ಯೋಫ್ರೀದುರ್ ಹದಿಮೂರು ವರ್ಷದವಳಿದ್ದಾಗ ಅವಳ ಅಪ್ಪನ ಮಂದೆಗೆ ಶ್ವಾಸಕೋಶದ ಬೇನೆ ತಗುಲಿ, ಅಧಿಕಾರಿಗಳು ಬಂದು ಒಂದೂ ಉಳಿಯದಂತೆ ಕಡಿಸಿದರು. ಚೆನ್ನಾಗಿದ್ದವನ್ನೂ ಕಡಿಸಿದರು. ಅಮ್ಮ ಆ ಕಥೆಯನ್ನು ಎಂದೂ ಪೂರ್ತಿ ಹೇಳಿದವಳಲ್ಲ. ಆದರೆ ಈ ಸಾಲನ್ನು ಓದಿದಾಗ ನಾನು ಅಮ್ಮನನ್ನು ನೆನೆಯಲಿಲ್ಲ. ‘ಭಾವುಕತೆ ಜಾಸ್ತಿಯಾಯಿತು’ ಎಂದು ಅಂಚಿನಲ್ಲಿ ಬರೆದೆ. ಏಕೆಂದರೆ ಆ ಪ್ರಬಂಧದ ಕರಡು ತಿದ್ದಿದವನೂ ನಾನೇ! ಅವಳೇ ತಂದುಕೊಟ್ಟಳು. “ನಿನ್ನಷ್ಟು ಕೆಟ್ಟದಾಗಿ ಓದೋರು ಯಾರೂ ಇಲ್ಲ, ಒಂದು ತಪ್ಪೂ ಉಳಿಯಲ್ಲ” ಎಂದಳು. ಅದು ಹೊಗಳಿಕೆಯೇ ಎಂದು ಇಂದಿಗೂ ಖಾತ್ರಿಯಿಲ್ಲ.

ಅರ್ಪಣೆಯ ಪುಟದಲ್ಲಿ ‘ಪ್ರಶ್ನೆ ಕೇಳಿದ ಒಬ್ಬ ಹೆಂಗಸಿಗೆ’ ಎಂದಿತ್ತು. ಹೆಸರಿರಲಿಲ್ಲ. ಪಂಡಿತರ ಅಲಂಕಾರ ಎಂದುಕೊಂಡು ಪುಟ ತಿರುಗಿಸಿದೆ.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು, ಅಧ್ಯಕ್ಷೆಯವರು ಗಡಿಯಾರ ನೋಡಬಾರದು. ಸೋಲ್‌ರೂನ್ ಮತ್ತು ನಾನು ಈ ಭವನದ ಎದುರಿಗಿರುವ ಶಾಲೆಯಲ್ಲಿ ಓದಿದವರು. ಹತ್ತು ವರ್ಷ ನಮಗೆ. ಮೇಷ್ಟರು ಒಳ್ಳೆಯವರು, ಕೈ ಎತ್ತಿದವರಲ್ಲ, ಆದರೆ ನಗಿಸುವುದರಲ್ಲಿ ಎತ್ತಿದ ಕೈ. ‘ನನಗೆ ಆಸೆ’ ಎಂದವರಿಗೆಲ್ಲ, “ಬೇನೆಯವರು ಗಾಳಿ ಬೆಳಕಲ್ಲಿ ಇರ್ಬೇಕಪ್ಪ, ಕಿಟಕಿ ಪಕ್ಕ ಕೂತ್ಕೊಳ್ಳಿ” ಎನ್ನುತ್ತಿದ್ದರು. ಫೆಬ್ರವರಿ ತಿಂಗಳು, ಕಿಟಕಿ ತೆರೆದದ್ದೇ. ಅಜ್ಜಿಯ ಕೈಯಲ್ಲಿ ಬೆಳೆದ ಸೋಲ್‌ರೂನ್ ಅಜ್ಜಿಯ ಮಾತೇ ಆಡುತ್ತಿದ್ದಳು, ಹಾಗಾಗಿ ಮೂರು ವಾರ ಆ ಬೆಂಚಿನಲ್ಲಿ ಕೂತಳು. ನಾಲ್ಕನೆಯ ವಾರ ಎದ್ದು ನಿಂತು, “ಮೇಷ್ಟ್ರೇ, ಗಾಳಿಗೆ ಬೇನೆ ಹೋಗ್ಲಿಲ್ಲ, ನೆಗಡಿ ಮಾತ್ರ ಬಂತು” ಎಂದಳು. ತರಗತಿಯೆಲ್ಲ ಘೊಳ್ಳೆಂದಿತು, ಮೇಷ್ಟರೂ ನಕ್ಕರು, ಕಿಟಕಿ ಮುಚ್ಚಿತು.

ನಾನೂ ನಕ್ಕೆ. ಆದರೆ ಎಲ್ಲರಿಗಿಂತ ಮೊದಲು ನಿಲ್ಲಿಸಿದೆ. ಯಾಕೆ ಹೇಳಿ? ನಮ್ಮ ಮನೆಯಲ್ಲಿ ಅಮ್ಮ ಆಡುತ್ತಿದ್ದದ್ದೂ ಅದೇ ಮಾತು. ನನ್ನ ಬಾಯಿಂದಲೂ ಯಾವಾಗ ಬೇಕಾದರೂ ಜಾರಬಹುದಿತ್ತು. ಆ ವರ್ಷ ನಾನು ಒಂದೊಂದು ಮಾತನ್ನೂ ಬಾಯೊಳಗೇ ತಿದ್ದಿ ಹೊರಗೆ ಬಿಡುವುದನ್ನು ಕಲಿತೆ. ನೋಡಿ, ಮೂವತ್ತಾರು ವರ್ಷದ ಉದ್ಯೋಗಕ್ಕೆ ತರಬೇತಿ ಅಲ್ಲೇ ಆಯಿತು.

ಕಲಿತವನು ಸುಮ್ಮನಿರುತ್ತಾನೆಯೇ? ಊಟಕ್ಕೆ ಕೂತಿದ್ದೇವೆ, ಬೇಯಿಸಿದ ಮೀನು, ಆಲೂಗಡ್ಡೆ. ಅಮ್ಮ, ‘ನನಗೆ ಇನ್ನೊಂದು ಆಲೂಗಡ್ಡೆ ತಿನ್ನೋ ಆಸೆ’ ಅಂದಳು. ನಾನು, “ಅಮ್ಮಾ, ಹಾಗನ್ನಬಾರದು, ಅದು ಬೇನೆ” ಎಂದೆ. ಅಮ್ಮ ನಕ್ಕು, “ಹಾಗಂದ್ರೆ ಆಲೂಗಡ್ಡೆ ನನ್ನ ತಟ್ಟೆಗೆ ಬರಲ್ವೇನೋ?” ಎಂದಳು. ಅಪ್ಪನೂ ನಕ್ಕ. ಮರುದಿನವೂ ತಿದ್ದಿದೆ. ಅದರ ಮರುದಿನವೂ ತಿದ್ದಿದೆ. ಯಾವ ದಿನದಿಂದ ಅಮ್ಮ ನಗುವುದನ್ನು ಬಿಟ್ಟಳೋ ನೆನಪಿಲ್ಲ. ಮನೆಗೆ ಪಾದ್ರಿ ಬಂದರೆ, ಶಾಲೆಯವರು ಬಂದರೆ, “ನೀವು ಮಾತಾಡ್ತಿರಿ, ಕಾಫಿ ಮಾಡ್ತೀನಿ” ಎಂದು ಅಡುಗೆಮನೆಗೆ ಹೋಗುತ್ತಿದ್ದಳು. ನಮ್ಮ ಮನೆಯ ಕಾಫಿ ಇಡೀ ಊರಿಗೆ ಹೆಸರುವಾಸಿ, ಹಿರಿಯರಿಗೆ ಜ್ಞಾಪಕವಿರಬೇಕು. ಒಂದು ಸಲವೂ ಅವಳು ನಮ್ಮೊಡನೆ ಕೂತು ಕುಡಿದದ್ದು ನನಗೆ ಜ್ಞಾಪಕವಿಲ್ಲ. ಇದನ್ನು ನಾನು ಬರೆದುಕೊಂಡು ಬಂದಿರಲಿಲ್ಲ, ಕ್ಷಮಿಸಿ.

ಮುಂದೆ ಹೇಳುತ್ತೇನೆ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಪತ್ರಿಕೆಗೆ ಕಾಗದ ಬರೆಯುತ್ತಾರಲ್ಲ? ಸತ್ತವರನ್ನೇ ಉದ್ದೇಶಿಸಿ, ‘ಪ್ರೀತಿಯ ಅಜ್ಜಾ’ ಎಂದು. ಮಂತ್ರಿಯ ಮಗಳೂ ಬರೆಯುತ್ತಾಳೆ, ಮೀನು ಸೀಳುವ ಹೆಂಗಸೂ ಬರೆಯುತ್ತಾಳೆ. ಪತ್ರಿಕೆಯಲ್ಲಿ ಆ ಪುಟಗಳು ನನ್ನ ಪಾಲಿನವು. ಎಷ್ಟು ಸಾವಿರ ದುಃಖ ನನ್ನ ಮೇಜಿನ ಮೇಲೆ ಹಾದುಹೋಗಿದೆಯೋ! ಒಂದೊಂದನ್ನೂ ತಿದ್ದಿದೆ. ಸತ್ತವರಿಗೆ ಕೊನೆಯ ಕಾಗದ ಶುದ್ಧವಾಗಿ ತಲುಪಲಿ ಎಂದು, ಅದು ನನ್ನ ಸೇವೆ ಎಂದು, ಪ್ರಾಮಾಣಿಕವಾಗಿ ನಂಬಿ ತಿದ್ದಿದೆ.

ತೊಂಬತ್ತೊಂದರ ಶರತ್ಕಾಲದಲ್ಲಿ ಅಪ್ಪ ಹೋದ. ದೋಣಿಯಲ್ಲಲ್ಲ, ಮನೆಯಲ್ಲೇ, ಕುರ್ಚಿಯಲ್ಲಿ ಕೂತಲ್ಲೇ. ಮಣ್ಣು ಮಾಡುವ ಹಿಂದಿನ ದಿನ ಅಮ್ಮ ಒಂದು ಹಾಳೆ ನನ್ನ ಕೈಗೆ ಕೊಟ್ಟಳು. “ನಿಮ್ಮಪ್ಪನಿಗೆ ಬರ್ದಿದ್ದೀನಿ, ಹಾಕ್ಸು” ಎಂದಳು. ಅಮ್ಮ! ಅಂಗಡಿ ಚೀಟಿ ಬಿಟ್ಟು ಇನ್ನೇನನ್ನೂ ಬರೆದದ್ದನ್ನು ನಾನು ಕಾಣದ ಅಮ್ಮ! ನಾನು ಆ ಹಾಳೆಯನ್ನು ರಾಜಧಾನಿಗೆ ತೆಗೆದುಕೊಂಡು ಹೋಗಿ, ನನ್ನ ಮೇಜಿನ ಮೇಲಿಟ್ಟು, ಪೆನ್ಸಿಲು ಕೆತ್ತಿಕೊಂಡೆ.

ಸಭಿಕರೇ, ಅವಳನ್ನು ಊರಿನ ಮುಂದೆ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಯಾರೂ ನನ್ನ ಅಮ್ಮನ ಸಾಲನ್ನು ಓದಿ ನಗಬಾರದು ಎಂದುಕೊಂಡಿದ್ದೆ. ಬರೀ ವಿಭಕ್ತಿ ತಿದ್ದಿ ಬಿಟ್ಟಿದ್ದರೆ ಇಂದು ನಿಮ್ಮ ಮುಂದೆ ಇಷ್ಟು ಬೆವರುತ್ತಿರಲಿಲ್ಲ. ಕೈ ನಿಲ್ಲಲಿಲ್ಲ. ಅಚ್ಚಾದದ್ದು ನನಗಿನ್ನೂ ಬಾಯಿಪಾಠ: ‘ಅಗಲಿದ ಪತಿಯ ಪಾದರಕ್ಷೆಗಳು ಇಂದಿಗೂ ಹೊಸ್ತಿಲಲ್ಲಿವೆ. ನನ್ನನ್ನು ಮತ್ತೊಮ್ಮೆ ಅವನೊಡನೆ ಸಂಭಾಷಿಸುವ ಆಸೆಯಾಗುತ್ತದೆ.’ ಎಷ್ಟು ಶುದ್ಧ! ಎಷ್ಟು ಗಂಭೀರ! ಸಂಪಾದಕರು ನನ್ನ ಬೆನ್ನು ತಟ್ಟಿದರು.

ಪತ್ರಿಕೆ ಹಿಡಿದುಕೊಂಡು ನಾನೇ ಊರಿಗೆ ಬಂದೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು. ಎರಡು ಸಲ ಓದಿದಳು. ಮಡಿಸಿ ಮೇಜಿನ ಮೇಲಿಟ್ಟಳು. “ಚೆನ್ನಾಗಿದೆ ಕಣೋ. ಆದ್ರೆ ಇದು ನಾನು ಬರ್ದಿದ್ದಲ್ಲ. ಇದು ಯಾರ ಕಾಗದ ಅಂತ ನಿಮ್ಮಪ್ಪನಿಗೆ ಗೊತ್ತಾಗಲ್ಲ” ಎಂದಳು.

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. “ಕಾಫಿ ಮಾಡ್ತೀನಿ” ಎಂದು ಎದ್ದಳು. ಅವಳ ಕೈಬರಹದ ಹಾಳೆ ಎಲ್ಲಿ ಎಂದು ನಾನು ವಾಪಸು ಹೋಗಿ ಹುಡುಕಿದೆ. ಅಚ್ಚಾದ ಮೇಲೆ ಹಾಳೆಗಳನ್ನು ಎಸೆಯುವುದು ನಮ್ಮ ಕಚೇರಿಯ ಪದ್ಧತಿ, ಆ ಪದ್ಧತಿ ಮಾಡಿದವನೂ ನಾನೇ. ಮೂವತ್ತಮೂರು ವರ್ಷ ಆ ವಿಷಯವನ್ನು ನಾನೂ ಎತ್ತಲಿಲ್ಲ, ಅಮ್ಮನೂ ಎತ್ತಲಿಲ್ಲ. ಆ ಹಾಳೆ ಲೋಕದಿಂದಲೇ ಹೋಯಿತು ಎಂದುಕೊಂಡಿದ್ದೆ.

ಸೋಲ್‌ರೂನ್, ಈಗ ನಿನ್ನ ಸರದಿ, ತಲೆ ತಗ್ಗಿಸಬೇಡ. ಈ ವರ್ಷ ಏಪ್ರಿಲ್‌ನಲ್ಲಿ ಕಚೇರಿಯ ಮೇಜು ಖಾಲಿ ಮಾಡುತ್ತಿದ್ದವಳು ನನಗೆ ಫೋನು ಮಾಡಿದಳು. “ಓರ್ಮುರ್, ಬೇನೆಯ ಡಾಕ್ಟರು ಯಾರು ಅಂತ ಹುಡುಕೋದಕ್ಕೆ ನನ್ನ ಹಚ್ಚಿದವರು ಯಾರು ಅಂತ ಒಂದು ದಿನಾನೂ ಕೇಳ್ಲಿಲ್ಲವಲ್ಲೋ ನೀನು” ಎಂದಳು. ಮಾರನೆಯ ವಾರ ಒಂದು ಲಕೋಟೆ ಬಂತು. ಒಳಗೆ ಎರಡು ಹಾಳೆ. ಎರಡರಲ್ಲೂ ಅಮ್ಮನ ಕೈಬರಹ.

ಮೊದಲನೆಯದು ಭಾಷಾ ಕಾರ್ಯಕ್ರಮಕ್ಕೆ ಬರೆದ ಕಾಗದ, ಅಪ್ಪ ಹೋದ ತಿಂಗಳಿನದೇ. ಅದರಲ್ಲಿ ಹೀಗಿದೆ: “ಸೋಲ್‌ರೂನ್, ನನ್ನ ಮಾತಿಗೆ ಬೇನೆ ಇದೆ ಅಂತ ನನ್ನ ಮಗ ಹೇಳ್ತಾನೆ, ಓದಿದವನು, ಸರಿಯಾಗೇ ಹೇಳ್ತಿರಬೇಕು. ನನಗೀಗ ಅರವತ್ತೊಂದು. ನಮ್ಮಮ್ಮನಿಗೂ ಈ ಬೇನೆ ಇತ್ತು, ಎಂಬತ್ತೊಂಬತ್ತಕ್ಕೆ ಬೇರೆ ಏನೋ ಆಗಿ ಹೋದಳು. ಇದಕ್ಕೆ ಬೇನೆ ಅಂತ ಹೆಸರಿಟ್ಟವರು ಯಾರು? ಅವರನ್ನ ಕಂಡ್ರೆ ಒಂದು ಮಾತು ಕೇಳ್ಬೇಕು, ಕುರಿ ಸಾಕಿದ್ರಾ ಅಂತ. ಅವನ ಅಪ್ಪನಿಗೆ ಬರ್ದಿದ್ದನ್ನ ಇನ್ನೊಂದು ಹಾಳೇಲಿ ಇದ್ದ ಹಾಗೇ ಮತ್ತೆ ಬರ್ದು ಇದರ ಜೊತೆ ಇಟ್ಟಿದ್ದೀನಿ. ಯಾರಿಗೂ ತೋರಿಸ್ಬೇಡ. ತಿದ್ದಬೇಡ. ಇಟ್ಕೊಂಡಿರು.”

ಇಟ್ಟುಕೊಂಡಿದ್ದಳು. ಮೂವತ್ತಮೂರು ವರ್ಷ! ರೇಡಿಯೋದಲ್ಲಿ ನಾನು ಇವಳನ್ನು ಹಂಗಿಸುತ್ತಿದ್ದಾಗ, ಪ್ರಬಂಧದ ಅಂಚಿನಲ್ಲಿ ಭಾವುಕತೆ ಎಂದು ಗೀಚಿದಾಗ, ಬಾಯಿ ಬಿಟ್ಟು ಒಂದು ಮಾತಂದಿದ್ದರೆ ನಾನು ನೆಲಕ್ಕೆ ಬೀಳುತ್ತಿದ್ದೆ. ಅನ್ನಲಿಲ್ಲ. ಕೊಟ್ಟ ಮಾತು ಎಂದರೆ ಇದು ಸಭಿಕರೇ. ನನಗೆ ಕಳಿಸುವ ಮೊದಲು ಅಮ್ಮನಿಗೆ ಫೋನು ಮಾಡಿ ಒಪ್ಪಿಗೆ ಕೇಳಿದಳಂತೆ. “ಕಳಿಸು ಕಣೇ, ಅವನಿಗೂ ಎಪ್ಪತ್ತಾಯ್ತು, ಈಗ ತಡ್ಕೋತಾನೆ” ಎಂದಳಂತೆ ಅಮ್ಮ.

ನಾನು ಇಲ್ಲಿನ ವೃದ್ಧಾಶ್ರಮಕ್ಕೆ ಓಡಿ ಬಂದೆ. ಅಮ್ಮ ಅಲ್ಲಿ ನಾಲ್ಕು ಜನ ಗೆಳತಿಯರ ನಡುವೆ ಇಸ್ಪೀಟು ಆಡುತ್ತಿದ್ದಳು. ತಪ್ಪಾಯ್ತಮ್ಮ ಎನ್ನುವುದಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು, ಆಟ ಮುಗಿಯುವವರೆಗೆ ಕೇಳುವುದಿಲ್ಲ ಎಂದಳು. ಆಮೇಲೆ ಹೇಳಿದೆ, “ಅಮ್ಮಾ, ನಿನ್ನ ಕಾಗದವನ್ನ ಇದ್ದ ಹಾಗೇ ಮತ್ತೆ ಅಚ್ಚು ಹಾಕಿಸ್ತೀನಿ.” ಅಮ್ಮ, “ಬೇಡ. ನಿಮ್ಮಪ್ಪ ಬದುಕಿದ್ದಾಗ್ಲೇ ಪೇಪರ್ ಓದ್ತಿರ್ಲಿಲ್ಲ. ನೀನೇ ಓದಿ ಹೇಳು. ಜೋರಾಗಿ, ಜನ ಇರೋ ಕಡೆ. ನಿನ್ನ ಬಾಯಲ್ಲಿ ಕೇಳ್ಬೇಕು ನಾನು” ಎಂದಳು.

ಮೊದಲ ಸಾಲಿನಲ್ಲಿ, ನೀಲಿ ಸ್ವೆಟರಿನಲ್ಲಿ ಕೂತಿದ್ದಾಳೆ. ತೊಂಬತ್ತನಾಲ್ಕು ವರ್ಷ. ಸೋಲ್‌ರೂನ್, ನಿನ್ನ ಸನ್ಮಾನದಲ್ಲಿ ಇದನ್ನು ಓದುವುದಕ್ಕೆ ನೀನೇ ಜಾಗ ಬಿಟ್ಟುಕೊಟ್ಟೆ. ಅದಕ್ಕೆ ನನ್ನಲ್ಲಿ ಪದವಿಲ್ಲ, ಇಷ್ಟು ಪದ ತಿದ್ದಿದವನಲ್ಲಿ ಒಂದೂ ಇಲ್ಲ. ಓದುತ್ತೇನೆ. ಒಂದು ಅಕ್ಷರವನ್ನೂ ಮುಟ್ಟಿಲ್ಲ.

“ಹಾಫ್ಲಿದಿ, ನೀನು ಹೋಗಿ ನಾಲ್ಕು ದಿನ ಆಯ್ತು. ನಿನ್ನ ರಬ್ಬರ್ ಬೂಟು ಬಾಗಿಲಲ್ಲೇ ಇದೆ. ಎಡವ್ತೀನಿ, ಬೈತೀನಿ, ಎತ್ತಿಡಲ್ಲ. ನನಗೆ ನಿನ್ನ ಕನಸು ಬೀಳತ್ತೆ, ಕನಸಲ್ಲೂ ಹವಾಮಾನದ ಸುದ್ದಿ ಜೋರಾಗಿ ಹಾಕ್ಕೊಂಡು ಕೂತಿರ್ತೀಯ. ನನಗೆ ಇನ್ನೊಂದೇ ಒಂದು ಸಲ ಆ ರೇಡಿಯೋ ಸದ್ದಿಗೆ ನಿನ್ನ ಹತ್ರ ಜಗಳ ಆಡೋ ಆಸೆ. ಈ ಸಲ ನೀನೇ ಗೆಲ್ಲು, ನಾನು ಸುಮ್ನಿರ್ತೀನಿ. ನನಗೆ ನೀನು ಬೇಕು ಹಾಫ್ಲಿದಿ, ಅಷ್ಟೇ. ಯೋಫ್ರೀದುರ್.”

ಕ್ಷಮಿಸಿ, ಒಂದು ಗುಟುಕು ನೀರು ಕುಡಿಯುತ್ತೇನೆ.

ಅಧ್ಯಕ್ಷೆಯವರಿಗೆ, ಹಿರಿಯರಿಗೆ, ಇಷ್ಟು ಹೊತ್ತು ಕೆಮ್ಮದೆ ಕೂತ ನಿಮಗೆ, ಪ್ಯಾನ್‌ಕೇಕು ಆರಲು ಬಿಟ್ಟು ಬಾಗಿಲಲ್ಲಿ ನಿಂತಿರುವ ಸೋದರಿಯರಿಗೆ, ಎಲ್ಲರಿಗಿಂತ ಹೆಚ್ಚಾಗಿ ಸೋಲ್‌ರೂನ್‌ಗೆ ನನ್ನ ವಂದನೆ… ಅಮ್ಮ ಕೈ ಎತ್ತಿದ್ದಾಳೆ. ಏನಮ್ಮಾ? ಜೋರಾಗಿ ಹೇಳು, ಕೇಳಿಸುತ್ತಿಲ್ಲ. ಸೋಲ್‌ರೂನ್, ಏನಂತೆ?

ಜಗಳ ಅನ್ನುವುದನ್ನು ಮೆಲ್ಲಗೆ ಓದಿಬಿಟ್ಟೆನಂತೆ, ಅಪ್ಪನಿಗೆ ಕೇಳಿಸಿರುವುದಿಲ್ಲವಂತೆ. ಮತ್ತೆ ಮೊದಲಿನಿಂದ ಓದಬೇಕಂತೆ.

ಓದುತ್ತೇನಮ್ಮ. ಸಭಿಕರೇ, ನಿಮಗೆಲ್ಲ ನನ್ನ ನಮಸ್ಕಾರ, ಕಾಫಿಗೆ ಏಳುವವರು ಏಳಿ. ನಾನು ಇನ್ನೊಂದು ಸಲ ಓದಿ ಬರುತ್ತೇನೆ.